ನಿಧಾನಿಸಿದ ನಿನ್ನ ಮಾತು

ವಾರಿಜಾ,

ತೀರಿಹೋದ ನೀನಿದನ್ನು ಓದಲಾರೆ, ಆದರೂ ತಿಳಿಸುತ್ತೇನೆ. ಇಂದು ಘಣಸೋಲಿಯ ಮನೆಯಲ್ಲಿ ಮೊಮ್ಮಗಳು ತನ್ವಿ, ನೀನು ಹಿಂದೆ ಕೆಸುವಿನೆಲೆಯ ಪತ್ರೊಡೆ ಮಾಡುವ ಕ್ರಮ ಹೇಳಿದ್ದ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಹಾಕಿದಳು. ನಿನ್ನ ಓಟದ ಕನ್ನಡ ಎಂದಿನಂತೆ ಅವಳಿಗೆ ತಿಳಿಯಲಿಲ್ಲ.

"ಅಜ್ಜಾ, ಅಜ್ಜಿ ತೋ ಫಾಸ್ಟ್ ಲೋಕಲ್ ಹೈ! ರುಕೋ, ಸ್ಲೋ ಕರ್ತೀ ಹೂಂ," ಎಂದು ನಿನ್ನನ್ನು ಇಲ್ಲಿನ ವೇಗದ ರೈಲಿಗೆ ಹೋಲಿಸಿ, ಧ್ವನಿಮುದ್ರಣದ ವೇಗ ತಗ್ಗಿಸಿದಳು.

ಹಳೆಯ ಟೇಪಿನಲ್ಲಾಗುತ್ತಿದ್ದಂತೆ ನಿನ್ನ ಕಂಠ ಗಂಡುದನಿಯಾದೀತೆಂದು ಅಂಜಿದೆ. ಎಂಥ ಸೋಜಿಗ! ಮಾತು ನಿಧಾನವಾಯಿತು, ಕಂಠ ನಿನ್ನದೇ ಉಳಿಯಿತು. 'ಖಾರ'ದ ಮಹಾಪ್ರಾಣವೂ ಸ್ಪಷ್ಟವಾಗಿ ಕೇಳಿಸಿತು. ಅದನ್ನು ನೀನು ನುಂಗುತ್ತೀಯೆಂದೇ ನಾನು ತಿಳಿದಿದ್ದೆ, ಸದಾ ತಿದ್ದುತ್ತಲೂ ಇದ್ದೆ.

ಕೊನೆಯಲ್ಲಿ ನೀನು, "ಗೊತ್ತಾಯ್ತಾ ಮಗಾ?" ಎಂದೆ.

ಸದಾ ಹಿಂದಿಯಲ್ಲೇ ಉತ್ತರಿಸುವ ತನ್ವಿ, "ಗೊತ್ತಾಯ್ತು, ಅಜ್ಜಿ," ಎಂದಳು.

'ಗೊತ್ತಾಯಿತು' ಎಂಬುದೇ ಸಾಧುರೂಪ. ನಾನು ತಿದ್ದಲಿಲ್ಲ.