ಮೂರು ದಿನದ ಮಳೆ

೫ ಜುಲೈ ೧೯೪೧, ಶನಿವಾರ. ಬಂಗಾರಪೇಟೆ

ಸ್ನಾನ, ಪೂಜೆ ಆಯ್ತು. ಇವತ್ತು ಒಪ್ಪತ್ತು. ಮಗ ಆದಿನಾರಾಯಣ ಬೆಂಗಳೂರಿಂದ ಬೆಳಗಿನ ರೈಲಿಗೆ ಬಂದ. ಬಡಕಲಾಗಿದಾನೆ. ಕಾಲೇಜಲ್ಲಿ ಲೆಕ್ಚರರ್ ಕೆಲಸ, ಬುಧವಾರ ಇಂಟರ್‌ವ್ಯೂ. ಅರ್ಜಿ ಓದಿ ಹೇಳಿದ—ಗೋಲ್ಡ್ ಫೀಲ್ಡ್ಸಲ್ಲಿ ಹೈಸ್ಕೂಲು, ಬೆಂಗಳೂರಲ್ಲಿ ಬಿ.ಎಸ್ಸಿ., ಫಿಸಿಕ್ಸಲ್ಲಿ ಎಂ.ಎಸ್ಸಿ., ಎರಡು ವರ್ಷ ರಿಸರ್ಚು. ಇಷ್ಟು ವರ್ಷದ ಓದು, ಒಂದು ಹಾಳೆ ತುಂಬಲಿಲ್ಲ!

"ಸ್ವಂತ ಸಂಶೋಧನೆ ಅಂತ ಒಂದು ಕಾಲಮ್ ಐತೆ. ಅದೇ ಮುಖ್ಯ. ನಿನ್ನ ಮಳೆ ಪುಸ್ತಕ ಕೊಡಮ್ಮ."

ಬೇತಮಂಗಲದ ಕೆರೆ ಹತ್ರ ಇದ್ದಾಗ ಮಳೆ ಅಳೆದು ಬರೆಯೋದು ನಮ್ಮೋರ ಕೆಲಸ. ಅವರು ಹೋದ ಮೇಲೆ ಹನ್ನೆರಡು ವರ್ಷ ನಾನೇ ಬರೆದೆ. ಇಂಚು, ಇಂಚಲ್ಲಿ ನೂರನೇ ಪಾಲು ಸೆಂಟು. ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಹೆಮ್ಮೆಯಾಯ್ತು. ದೇವರು ಕ್ಷಮಿಸಲಿ.

೬, ಭಾನುವಾರ ಮಧ್ಯಾಹ್ನ

ಮಗ ಕುಣೀತಾವ್ನೆ. "ಅಮ್ಮಾ, ನೋಡಿಲ್ಲಿ! ಮಳೆಗಾಲದಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ದಿನಕ್ಕೊಂದ್ಸಲ, ಮೂರು ದಿನ ಒಂದೇ ಅಳತೆ ಮಳೆ. ವರ್ಷಗಟ್ಟಲೆ! ಚಂದ್ರನ ಎಳೆತ ಇರಬೇಕು. ಇದನ್ನ ಯಾರೂ ಬರೆದಿಲ್ಲ."

ಕೇರ್ತಿದ್ದ ಮೊರ ಕೆಳಗಿಟ್ಟೆ.

ಚಂದ್ರನೂ ಇಲ್ಲ, ಸೂರ್ಯನೂ ಇಲ್ಲ. ಮಳೆ ಡಬ್ಬ ತುಳಸಿಕಟ್ಟೆ ಪಕ್ಕ ಇತ್ತು. ತಿಂಗಳು ತಿಂಗಳು ನಾನು ಹೊರಗಾದ ಮೂರು ದಿನ ಅದನ್ನ ಮುಟ್ಟೋ ಹಾಗಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು, ಒಟ್ಟಿಗೆ ಅಳೆದು, ಮೂರು ಪಾಲು ಮಾಡಿ ಬರೀತಿದ್ದೆ.

ಗಂಡು ಮಗನಿಗೆ ಇದನ್ನ ಹೆಂಗೆ ಹೇಳೋದು...

೭, ಸೋಮವಾರ

ಹೇಳಲಿಲ್ಲ. ಚಂದ್ರನ ಎಳೆತ ಅಂತ ನಾಲ್ಕು ಹಾಳೆ ಬರೆದವ್ನೆ.

ಪಕ್ಕದ ಮನೆ ಕನಕಮ್ಮನ ಹತ್ರ ಬಾಯಿಬಿಟ್ಟೆ. ಬಿದ್ದು ಬಿದ್ದು ನಕ್ಕಳು. "ಮಗಂಗೆ ಏಳ್ಬೇಡ, ಸುಮ್ಕಿರಕ್ಕ. ಬೇತಮಂಗಲದಲ್ಲಿ ಯಾವೋಳು ಒರಗೆ ಕೂತಿದ್ಲು ಅಂತ ಆ ದೊರೆಗಳಿಗೆ ಗೊತ್ತಾಯ್ತದಾ? ಕೆಲಸ ಸಿಕ್ಕಲಿ ಮೊದ್ಲು."

ದೀಪ ಹಚ್ಚಿದೆ. ದೇವರ ಎದುರು ನಿಲ್ಲೋಕಾಗಲಿಲ್ಲ.

೮, ಮಂಗಳವಾರ ಸಂಜೆ

ಮುದ್ದೆ ಇಕ್ಕಿ, ಗೋಡೆ ನೋಡ್ಕೊಂಡು ಹೇಳಿಬಿಟ್ಟೆ. "ಚಂದ್ರ ಅಲ್ಲ ಕಣಪ್ಪ. ಆ ಮೂರು ದಿನ ನಾನು ಹೊರಗಿರ್ತಿದ್ದೆ. ಆಮೇಲೆ ಪಾಲು ಮಾಡಿ ಬರೆದೆ."

ಅವನ ಕಿವಿ ಕೆಂಪಾಯ್ತು. ಆಮೇಲೆ ನಕ್ಕ. "ಹನ್ನೆರಡು ವರ್ಷ ಒಂದ್ಸಲಾನೂ ತಪ್ಪಲಿಲ್ವಲ್ಲಮ್ಮ. ನಮ್ಮ ಲ್ಯಾಬಲ್ಲಿ ಇಷ್ಟು ಕ್ರಮ ಇಲ್ಲ."

ಕೈ ತೊಳೆದು ಬಂದು ನಾಲ್ಕು ಹಾಳೇನೂ ಹರಿದ. ಆ ಕಾಲಮ್ಮಲ್ಲಿ 'ಇಲ್ಲ' ಅಂತ ಬರೆದ.

"ಕೆಲಸ?" ಅಂದೆ.

"ನಾಳೆ ನೋಡೋಣ ಬಿಡು. ಇನ್ನೊಂದು ಐತೆ." ಮಳೆ ಪುಸ್ತಕದಲ್ಲಿ ನನ್ನ ಕೈಬರಹ ಶುರುವಾಗೋ ಹಾಳೆ ತೆಗೆದ. ೧೯೨೬, ಆಷಾಢ. "ಇಲ್ಲಿ ಹತ್ತು ದಿನ ಒಂದೇ ಅಳತೆ. ಇದೇನಮ್ಮ?"

ಇಸ್ವಿ ಮೇಲೆ ಬೆರಳಿಟ್ಟೆ. ತಾನೇ ತಿಳ್ಕೊಂಡ. "ಅಪ್ಪ ಹೋದಾಗ..."

ಸೂತಕ. ಹನ್ನೊಂದನೇ ದಿನ ಅಳೆದಿದ್ದೆ.

ಹತ್ರ ಸರಿದು ಕೂತ. ಪೆನ್ನು ತೆಗೆದ. "ನಿಜವಾಗಿ ಯಾವತ್ತು ಎಷ್ಟು ಬಂತು, ಜ್ಞಾಪಕ ಐತಾ?"

ಐತೆ ಅಂದೆ. ಒಂದೊಂದು ದಿನಾನೂ. ಮೊದಲನೇ ದಿನ, ಅವರನ್ನ ಎತ್ತೋ ಹೊತ್ತಿಗೆ, ಬರೀ ತುಂತುರು. ಎರಡನೇ ದಿನ—