ಹುಟ್ಟಿನ ಹಾಡಿಗೆ ತಮಟೆ

ನಂಜನಗೂಡು
9 ಡಿಸೆಂಬರ್ 2007

ಪ್ರೀತಿಯ ಸಂಘಮಿತ್ರಾ,

ಅಕ್ಷರ ನೋಡಿದ ಕೂಡಲೇ ನಿನಗೆ ಗುರುತು ಸಿಕ್ಕಿರುತ್ತದೆ. ನಿನ್ನ ಪ್ರಬಂಧಗಳ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬರೆಯುತ್ತಿದ್ದವಳು ನಾನೇ. ಹೋದ ವಾರ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಂದೆ ಸಿದ್ದರಾಜು ಅವರು ಸಿಕ್ಕಿದ್ದರು. ನೀನು ನರ್ಸ್ ಆಗಿದ್ದೀಯೆಂದೂ ಹೆರಿಗೆ ವಾರ್ಡಿನಲ್ಲಿ ಕೆಲಸವೆಂದೂ ಅವರಿಂದ ತಿಳಿದು ಸಂತೋಷವಾಯಿತು. ವಿಳಾಸ ಅವರೇ ಬರೆದುಕೊಟ್ಟರು.

ಈಗ ನಾನಿರುವ ಶಾಲೆಯಲ್ಲಿ ಇದೇ ಇಪ್ಪತ್ತೆರಡರ ಶನಿವಾರ ವಾರ್ಷಿಕೋತ್ಸವ. ಒಂಬತ್ತನೇ ತರಗತಿಯ ಬಿಂದುಶ್ರೀ ಅಂದು ಕುಣಿಯಲೆಂದು ಮೊನ್ನೆ ಒಂದು ಸಿ.ಡಿ. ತಂದಳು. ಹಳೆಯ ಕ್ರಿಸ್‌ಮಸ್ ಹಾಡುಗಳ ರೀಮಿಕ್ಸ್. ಮೊದಲು ಬರೀ ದಬದಬ ಸದ್ದು. ಆಮೇಲೆ ಅದರೊಳಗಿಂದ ಎದ್ದು ಬಂದದ್ದು ನಾನು ನಿಮಗೆಲ್ಲ ಕಲಿಸಿದ್ದ ಗೋದಲಿಯ ಮಗುವಿನ ಜೋಗುಳ. “ಹಳೇದು ಕೇಳುದ್ರೆ ನಿದ್ದೆ ಬತ್ತದೆ ಮಿಸ್, ಇದಾದ್ರೆ ಮಗೂನೂ ಎದ್ದು ಕುಣಿತದೆ” ಅಂದಳು. ನಕ್ಕುಬಿಟ್ಟೆ. ಕಾರ್ಯಕ್ರಮದ ಪಟ್ಟಿಗೆ ಸೇರಿಸಿ ಸಹಿಯನ್ನೂ ಹಾಕಿದೆ. ಪೆನ್ನಿನ ಮುಚ್ಚಳ ಹಾಕುವಾಗ ನೀನು ನೆನಪಾದೆ. ಅಂದಿನಿಂದ ಈ ಪತ್ರ ಮನಸ್ಸಿನಲ್ಲೇ ಓಡಾಡುತ್ತಿದೆ.

ತೊಂಬತ್ತೈದರ ಡಿಸೆಂಬರ್, ನಿಮ್ಮ ಶಾಲೆಯ ವಾರ್ಷಿಕೋತ್ಸವದ ದಿನ. ಆ ಹಾಡನ್ನು ನಾನೇ ಕನ್ನಡಕ್ಕೆ ತಂದಿದ್ದೆ. ನನ್ನ ಪದಗಳ ಮೇಲೆ ನನಗೆ ಬಹಳ ಮೋಹವಿತ್ತು. ಮೆಲ್ಲಗೆ ಹಾಡಬೇಕು, ಹಾರ್ಮೋನಿಯಂ ಒಂದಿದ್ದರೆ ಸಾಕು ಎಂದಿದ್ದೆ. ನೀನು ತಾತನ ತಮಟೆ ತಂದೆ. ಶಾಲೆಯ ಹಿಂದೆ ಒಣಹುಲ್ಲು ಹೊತ್ತಿಸಿ, ಚರ್ಮ ಬಿಗಿಯಾಗಲೆಂದು ಕಾಯಿಸಿ, ಕಿವಿಗಿಟ್ಟು ತಟ್ಟಿ ನೋಡುತ್ತಿದ್ದೆ. ಕರೆದವರ ಮನೆಯ ಸಾವುಗಳಿಗೆಲ್ಲ ಹೋಗಿ ಬಡಿಯುವುದು ತಮ್ಮ ಅಪ್ಪನ ಕಾಲಕ್ಕೇ ನಿಲ್ಲಲಿ ಎಂದು ನಿನ್ನ ತಂದೆ ಅದನ್ನು ಅಟ್ಟಕ್ಕೆ ಏರಿಸಿದ್ದರು. ಅವರು ಹೇಗೆ ಒಪ್ಪಿದರು ಎಂದು ಕೇಳಿದೆ. ನೀನು ತಾತ ಪುಟ್ಟಬಸವಯ್ಯನವರ ದನಿಯಲ್ಲೇ ಹೇಳಿದೆ: “ಇದು ಬರೀ ಸಾವ್ಗೇ ಬಡ್ಸ್ಕಂಡದೆ ಕಣ್ಲಾ ಸಿದ್ರಾಜು, ಒಂದ್ ಉಟ್ಟಿಗೂ ಬಡೀಲಿ ಬುಡು.”

ಆಮೇಲೆ ಬಡಿದು ತೋರಿಸಿದೆ. ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಬೆರಳ ತುದಿಯಲ್ಲಿ, ತೊಟ್ಟಿಲು ತೂಗುವ ಲಯದಲ್ಲಿ. ನನ್ನ ಒಂದು ಪದವೂ ಅದರಲ್ಲಿ ಮುಳುಗಲಿಲ್ಲ.

ಹೆಡ್‌ಮಾಸ್ಟರನ್ನು ಕೇಳಿ ಬರುತ್ತೇನೆಂದು ಹೋದೆ. ಬಂದು, ಅವರು ಬೇಡವೆನ್ನುತ್ತಾರೆ ಎಂದೆ. ಸಂಘಮಿತ್ರಾ, ನಾನು ಅವರನ್ನು ಕೇಳಿರಲೇ ಇಲ್ಲ. ಸ್ಟಾಫ್‌ರೂಮಿನಲ್ಲಿ ಒಂದು ಲೋಟ ನೀರು ಕುಡಿದು ವಾಪಸು ಬಂದಿದ್ದೆ. ಅಂದು ಮುಂದಿನ ಸಾಲಿನಲ್ಲಿ ಮಠದ ಕಡೆಯ ನಮ್ಮ ನೆಂಟರು ಕೂರುವವರಿದ್ದರು. ಚನ್ನಾಜಮ್ಮ ವೇದಿಕೆಗೆ ತಮಟೆ ಹತ್ತಿಸಿದಳು ಎಂದು ಅವರು ಆಡಿಕೊಂಡಾರೆಂದು ಹೆದರಿದೆ. ಅದೇ ವಾರ ನಿಮಗೆ ವಚನಗಳ ಪಾಠ ಮಾಡಿದ್ದೆ.

“ಆಯ್ತು ಮಿಸ್” ಅಂದೆ ನೀನು. ಇನ್ನೂ ಬಿಸಿಯಿದ್ದ ತಮಟೆಯನ್ನು ಎದೆಗವಚಿಕೊಂಡು ಮನೆಗೆ ಹೋಗಿ ಇಟ್ಟು ಬಂದೆ. ಸಂಜೆ ಎರಡನೇ ಸಾಲಿನಲ್ಲಿ ನಿಂತು, ನಾನು ಹೇಳಿಕೊಟ್ಟ ಹಾಗೆ, ಮೆಲ್ಲಗೆ ಹಾಡಿದೆ. ತಾತನಿಗೆ ಏನು ಹೇಳಿದೆಯೋ ನಾನು ಕೇಳಲಿಲ್ಲ.

ಹೆಸರಿಲ್ಲದ ಯಾರದೋ ಸಿ.ಡಿ.ಗೆ ಒಂದು ನಿಮಿಷದಲ್ಲಿ ಕೊಟ್ಟ ಸಹಿಯನ್ನು ನಿನಗೆ ಕೊಡದೆ ಹನ್ನೆರಡು ವರ್ಷ ಕಳೆದೆ.

ಬಿಂದುಶ್ರೀಯ ಕುಣಿತ ಪಟ್ಟಿಯಲ್ಲಿ ಹಾಗೇ ಇದೆ, ಆ ಮಗು ಚೆನ್ನಾಗಿ ಕುಣಿಯುತ್ತದೆ. ಅದಕ್ಕೂ ಮೊದಲು ನಿನ್ನ ತಮಟೆಗೆಂದು ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಈ ಸಲ ನಮ್ಮ ಹೆಡ್‌ಮಿಸ್ ಅವರನ್ನು ನಿಜವಾಗಿಯೂ ಕೇಳಿದ್ದೇನೆ, ಒಪ್ಪಿದ್ದಾರೆ. ತಾತನಿಗೆ ಕಣ್ಣು ಮಂಜಾದರೂ ಕೈ ಆಡುತ್ತದೆಯೆಂದು ನಿನ್ನ ತಂದೆ ಹೇಳಿದರು. ನೀನು ಬಡಿಯುವುದನ್ನು ಅವರು ಕೇಳಬೇಕೆಂಬುದು ನನ್ನ ಆಸೆ. ಆದರೆ ನನ್ನ ಸಮಾಧಾನಕ್ಕಾಗಿ ಬರಬೇಡ. ಮನಸ್ಸಾಗದಿದ್ದರೆ ಉತ್ತರವನ್ನೂ ಬರೆಯಬೇಡ, ನನಗೆ ಅರ್ಥವಾಗುತ್ತದೆ.

ಅಂದು ಮೂರು ಗಂಟೆಗೆ ವೇದಿಕೆಯ ಹಿಂದೆ ಒಣಹುಲ್ಲು, ಬೆಂಕಿಪೊಟ್ಟಣ ಇಟ್ಟುಕೊಂಡು ನಾನೇ ನಿಂತಿರುತ್ತೇನೆ. ಮುಂದಿನ ಸಾಲಿನಲ್ಲಿ ಯಾರು ಬೇಕಾದರೂ ಕೂತಿರಲಿ.

ನಿನ್ನ ಕೈಯಲ್ಲಿ ಹುಟ್ಟುವ ಮಕ್ಕಳೆಲ್ಲ ತಲೆಯೆತ್ತಿ ಬಾಳಲಿ, ತಾಯಿ.

ನಿನ್ನ ಕನ್ನಡ ಮಿಸ್,
ಚನ್ನಾಜಮ್ಮ