ನಾಲ್ವರಿಗೊಂದು ಚಿನ್ನ

ಲರ್ಗನ್, ಐರ್ಲೆಂಡ್, ೧೭೨೯

ನಾರುಬಟ್ಟೆ ವ್ಯಾಪಾರದ ಧಣಿ ಕ್ರೇಗ್ ಅವರಿಗೆ,

ನಾಲ್ವರು ನೇಕಾರರ ಕೂಲಿಯೆಂದು ತಾವು ಕೊಟ್ಟ ಒಂದೇ ಪೋರ್ಚುಗೀಸ್ ಚಿನ್ನದ ನಾಣ್ಯ ತಲುಪಿತು. ನಮ್ಮಲ್ಲಿ ಪರದೇಶದ ಚಿನ್ನಕ್ಕೆ ಯೋಗ್ಯತೆಗಿಂತ ಹೆಚ್ಚು ಬೆಲೆ, ಕಂದಾಯಕ್ಕೂ ಅದೇ ನಡೆಯುತ್ತದೆ; ಬೆಳ್ಳಿಗೆ ಹೊರದೇಶದಲ್ಲೇ ಹೆಚ್ಚು ಬೆಲೆಯೆಂದು ಬೆಳ್ಳಿ ಚಿಲ್ಲರೆಯೆಲ್ಲ ಹಡಗು ಹತ್ತಿ ಹೋಗಿದೆ.

ನನ್ನ ಗಂಡ ಆರ್ಚಿ ಜ್ವರದಲ್ಲಿ ಮಲಗಿದ್ದರು. ಔಷಧದಂಗಡಿಯವನು, "ಮುರಿಸ್ಕೊಂಡು ಬಾರಮ್ಮ" ಅಂದ. ಇದು ನಾಲ್ವರ ಕೂಲಿ ಎಂದಾಗ ಹೆಂಡದಂಗಡಿಯವನು, "ಬರೀ ಚಿಲ್ಲರೆ ಕೊಡೋಕೆ ಇದೇನು ಧರ್ಮಛತ್ರನಾ? ನಾಲ್ಕೂ ಜನ ಕೂತು ಕುಡೀರಿ, ಆಮೇಲೆ ಕೊಡ್ತೀನಿ" ಅಂದ. ಉಳಿದ ಮೂವರು ನೇಕಾರರನ್ನು ಅವರವರ ಮನೆಯಿಂದ ಕರೆತಂದೆ. ಆರ್ಚಿಯ ಪಾಲಿನದನ್ನು ನಾನೇ ಕುಡಿದೆ. ಔಷಧ ಹಿಡಿದು ಮನೆಗೆ ಬಂದಾಗ ನೆರೆಯವಳು ಅವರ ಕಣ್ಣು ಮುಚ್ಚಿಸಿದ್ದಳು.

ಇನ್ನು ಅವರ ಮಗ್ಗದಲ್ಲಿ ನಾನು ಕೂರುತ್ತೇನೆ. ನನ್ನ ಕೂಲಿಯನ್ನು ಮಾತ್ರ ಓಟ್ಸ್ ಹಿಟ್ಟಿನಲ್ಲಿ ಕೊಡಿ. ಹಿಟ್ಟನ್ನು ಮುರಿಸಲು ಯಾರೂ ಕುಡಿಯಬೇಕಿಲ್ಲ.

ಇಂತಿ,
ಆರ್ಚಿಯ ಹೆಂಡತಿ ಗ್ರಿಜೆಲ್